ಒಡೆಯ ಕಾಣದ ಒಂಟೆ ಯಾರದು?

ನಮ್ಮ ಅಂಗಳದಲ್ಲಿ ಯಾರೋ ಬಿಟ್ಟುಹೋದ ವಾಹನವೊಂದು ವರ್ಷಗಟ್ಟಲೆ ತುಕ್ಕು ಹಿಡಿಯುತ್ತಿದ್ದರೆ ಅದು ನಮ್ಮದಾಗುವುದೇ? ಒಂಟೆಯೇ ವಾಹನವಾಗಿದ್ದ ಕಾಲದಲ್ಲಿ ಮದೀನಾದ ಸಮಾಜವೂ ಇಂಥದೇ ಪ್ರಶ್ನೆಯನ್ನು ಎದುರಿಸಿತ್ತು.

ದಾರಿ ತಪ್ಪಿದ ಒಂಟೆಯ ಕುರಿತು ಕೇಳಿದಾಗ ಪ್ರವಾದಿ ಮುಹಮ್ಮದ್(ಸ)ರವರ ಮುಖ ಕೋಪದಿಂದ ಕೆಂಪೇರಿತು. ನೀರು ಮೇವುಗಳನ್ನು ತಾನೇ ಅರಸಿಕೊಳ್ಳಬಲ್ಲ ಪ್ರಾಣಿಯನ್ನು ಒಡೆಯನು ಬರುವವರೆಗೆ ಅದರ ಪಾಡಿಗೆ ಬಿಡಬೇಕೆಂದು ಅವರು ತಿಳಿಸಿದರು. ಬಿದ್ದು ಸಿಕ್ಕಿದ ಹಣವನ್ನಾದರೋ 1 ವರ್ಷ ಕಾಲ ಸಾರಿ ಹೇಳಬೇಕಿತ್ತು. ಝೈದ್ ಬಿನ್ ಖಾಲಿದ್(ರ)ರವರು ಇದನ್ನು ವರದಿ ಮಾಡಿದ್ದಾರೆ.

ಖಲೀಫಾ ಉಮರ್(ರ)ರವರ ಕಾಲದಲ್ಲಿ ಅಂತಹ ಒಂಟೆಗಳನ್ನು ಯಾರೂ ಮುಟ್ಟುತ್ತಿರಲಿಲ್ಲ; ಅವು ಅಲೆದಾಡುತ್ತಾ ಮರಿ ಹಾಕುತ್ತಿದ್ದವು. ಬಳಿಕ ಖಲೀಫಾ ಉಸ್ಮಾನ್(ರ)ರವರು (ಕ್ರಿ.ಶ. 644-656) ಅವುಗಳ ಬಗ್ಗೆ ಸಾರಿಸಿ, ನಂತರ ಮಾರಲು ಆಜ್ಞಾಪಿಸಿದರು, ಒಡೆಯನು ಬಂದರೆ ಬೆಲೆಯನ್ನು ಅವನಿಗೇ ಕೊಡಲಾಗುತ್ತಿತ್ತು. ಇಮಾಮ್ ಮಾಲಿಕ್‌ರ 'ಮುವತ್ತಾ'ದಲ್ಲಿ ಇದರ ಉಲ್ಲೇಖವಿದೆ. ಕ್ರಮ ಬದಲಾಯಿತು, ಒಡೆಯನ ಹಕ್ಕು ಬದಲಾಗಲಿಲ್ಲ.

ಸಾಕಲಾರದೆ ಒಡೆಯನೇ ಬಯಲಲ್ಲಿ ಕೈಬಿಟ್ಟ ಪ್ರಾಣಿಯ ವಿಷಯದಲ್ಲಿ ಇಮಾಮರು ಭಿನ್ನಾಭಿಪ್ರಾಯ ತಾಳಿದರು. ಬದುಕಿಸಿದವನಿಗೇ ಅದು ಸೇರುವುದೆಂದು ಇಮಾಮ್ ಅಹ್ಮದ್ ಹೇಳಿದರು. ಅದು ಮೂಲ ಒಡೆಯನದೇ, ಸಾಕಿದವನಿಗೆ ಖರ್ಚು ಸಲ್ಲಬೇಕೆಂದು ಇಮಾಮ್ ಮಾಲಿಕ್ ಹೇಳಿದರು. ಒಡೆಯನು ನಿಜವಾಗಿ ಕೈಬಿಟ್ಟನೇ ಎಂಬುದೇ ಇಲ್ಲಿನ ಮುಖ್ಯ ಪ್ರಶ್ನೆ.

ನಮ್ಮ ದೇಶದ 1872ರ ಕರಾರು ಕಾಯಿದೆಯ 71ನೇ ಕಲಮು ಸಹ ಪರರ ವಸ್ತು ಸಿಕ್ಕಿ ಅದನ್ನು ವಶಕ್ಕೆ ತೆಗೆದುಕೊಂಡವನ ಮೇಲೆ ಅದನ್ನು ಕಾಯುವ ಹೊಣೆಯನ್ನು ಹೊರಿಸುತ್ತದೆ. ಆದುದರಿಂದ ಅಂಗಳದ ವಾಹನವನ್ನು ಗುಜರಿಗೆ ಮಾರುವ ಮುನ್ನ ಒಡೆಯನನ್ನು ಹುಡುಕೋಣ, ಪೊಲೀಸರಿಗೆ ಲಿಖಿತವಾಗಿ ತಿಳಿಸೋಣ. ಒಡೆಯನ ಸಹಿಯಿಂದಲೋ ಸರಕಾರಿ ಹರಾಜಿನಿಂದಲೋ ನಮ್ಮ ಹೆಸರಿಗೆ ಬರುವವರೆಗೆ ಅದು ನಮ್ಮಲ್ಲಿರುವ ಅಮಾನತ್ತು.