ಎಲ್ಲರಿಗೂ ತೆರೆದ ಕಾವ್ಯವೇದಿಕೆ: ಒಂದು ಹಿನ್ನೋಟ

ಠಾಣೆ, ಡೊಂಬಿವಲಿ, ಕಲ್ಯಾಣ, ನವಿಮುಂಬಯಿಗಳ ಕನ್ನಡಿಗರು ರವಿವಾರ ಸಂಜೆ ಒಂದೆಡೆ ಸೇರಿ ಕವಿತೆ ಓದುವುದು ನಮಗೆಲ್ಲ ಪರಿಚಿತವಾದ ಸಂಗತಿ. ಆಹ್ವಾನ ಪತ್ರಿಕೆಯಲ್ಲಿ ಹೆಸರು ಅಚ್ಚಾದ ಕವಿಗಳು ಓದಿದರೆ ಅದು ಕವಿಗೋಷ್ಠಿ. ಯಾರು ಬೇಕಾದರೂ ಬಾಗಿಲಲ್ಲಿ ಹೆಸರು ಬರೆಯಿಸಿ ಓದಬಹುದಾದರೆ ಅದನ್ನು ನಮ್ಮ ತರುಣರು ‘ಓಪನ್ ಮೈಕ್’ ಎನ್ನುತ್ತಾರೆ. ಹೆಸರು ಇಂಗ್ಲಿಷಿನದಾದ್ದರಿಂದ ಪದ್ಧತಿಯೂ ಪರದೇಶದ್ದೇ ಎಂದು ಮೂಗು ಮುರಿಯುವ ಹಿರಿಯರಿದ್ದಾರೆ. ಆದರೆ ಇದರ ಬೇರನ್ನು ಹುಡುಕುತ್ತ ಹೊರಟರೆ ನಾವು ತಲುಪುವುದು ಇಂದು ದೊರೆತಿರುವ ಕನ್ನಡ ಗ್ರಂಥಗಳಲ್ಲೆಲ್ಲ ಹಳೆಯದಾದ ‘ಕವಿರಾಜಮಾರ್ಗ’ವನ್ನೇ.

ಕ್ರಿ.ಶ. ೮೫೦ರ ಸುಮಾರಿಗೆ ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ಹುಟ್ಟಿದ ಈ ಕೃತಿ, ಕನ್ನಡನಾಡು ಕಾವೇರಿಯಿಂದ ಗೋದಾವರಿಯವರೆಗೆ ಹಬ್ಬಿತ್ತೆಂದು ಹೇಳುವುದನ್ನು ರಾಜ್ಯೋತ್ಸವದ ಭಾಷಣಗಳಲ್ಲಿ ಪ್ರತಿವರ್ಷ ಕೇಳುತ್ತೇವೆ. ಅದೇ ಗ್ರಂಥದ ಇನ್ನೊಂದು ಮಾತು ಅಷ್ಟಾಗಿ ನಮ್ಮ ಗಮನಕ್ಕೆ ಬರುವುದಿಲ್ಲ. ಈ ನಾಡಿನ ಜನರು ಬೇಕೆಂದು ಕುಳಿತು ಓದದಿದ್ದರೂ ಕಾವ್ಯಪ್ರಯೋಗದಲ್ಲಿ ಪಳಗಿದ ಬುದ್ಧಿಯುಳ್ಳವರು ಎಂದು ಅದು ಮೆಚ್ಚುತ್ತದೆ. ಅಂದರೆ ಕವಿತೆಗೆ ಕಿವಿ ಮತ್ತು ನಾಲಗೆ ಮೊದಲು, ಓಲೆ ಮತ್ತು ಕಂಠ ಆಮೇಲೆ.

ಆ ನೃಪತುಂಗನಿಗೂ ನಾವಿರುವ ಈ ಪರಿಸರಕ್ಕೂ ನಂಟಿದೆ. ಉತ್ತರ ಕೊಂಕಣದ ಶಿಲಾಹಾರರು ರಾಷ್ಟ್ರಕೂಟರ ಸಾಮಂತರಾಗಿದ್ದರು. ಠಾಣೆಯ ಪಶ್ಚಿಮದ ಕಾಡುಗುಡ್ಡಗಳಲ್ಲಿರುವ ಕಾನ್ಹೇರಿ ಗುಹೆಗಳ ಒಂಬತ್ತನೆಯ ಶತಮಾನದ ಸಂಸ್ಕೃತ ಶಾಸನಗಳಲ್ಲಿ ಶಿಲಾಹಾರ ಅರಸರೊಡನೆ ಅಮೋಘವರ್ಷನ ಹೆಸರೂ ಇದೆ. ಸ್ಥಾನಕವೆಂದು ಆಗ ಕರೆಯಿಸಿಕೊಂಡ ಠಾಣೆ ಮುಂದೆ ಅವರ ರಾಜಧಾನಿಯಾಯಿತು. ಇದನ್ನು ನೆನೆಯುವುದು ನೆಲದ ಮೇಲೆ ಹಕ್ಕು ಸಾಧಿಸಲು ಅಲ್ಲ. ನಮಗೆ ಅನ್ನ ಕೊಟ್ಟ ಈ ನೆಲ ಮರಾಠಿಯದು. ಭಾಷೆಗಳು ಒಂದರ ಅಂಗಳದಲ್ಲಿ ಇನ್ನೊಂದು ಬಹಳ ಹಿಂದಿನಿಂದಲೂ ಕುಳಿತೆದ್ದಿವೆ ಎಂಬುದನ್ನು ತಿಳಿಯಲಿಕ್ಕೆ.

ಹೊಸಗನ್ನಡ ಕಾವ್ಯವೂ ಸಭೆಯಲ್ಲಿ ಕಿವಿಯ ಮೂಲಕವೇ ಜನರನ್ನು ಗೆದ್ದಿತು. ೧೯೨೯ರಲ್ಲಿ ಮಾಸ್ತಿಯವರ ಅಧ್ಯಕ್ಷತೆಯಲ್ಲಿ ಬೆಳಗಾವಿಯಲ್ಲಿ ನಡೆದ ಸಾಹಿತ್ಯ ಸಮ್ಮೇಳನದಲ್ಲಿ ಬೇಂದ್ರೆಯವರು ‘ಹಕ್ಕಿ ಹಾರುತಿದೆ’ ಕವನವನ್ನು ಓದಿದ್ದು ಇಂದಿಗೂ ಕಥೆಯಂತೆ ಹೇಳುವ ಪ್ರಸಂಗ. ಮುಂಬಯಿಯ ಪಾಲೂ ಚಿಕ್ಕದಲ್ಲ. ೧೯೫೧ರಲ್ಲಿ ಇಲ್ಲಿ ಸೇರಿದ ಸಮ್ಮೇಳನದ ಅಧ್ಯಕ್ಷರು, ಶತಮಾನದ ಆರಂಭದಲ್ಲೇ ದ್ವಿತೀಯಾಕ್ಷರ ಪ್ರಾಸವನ್ನು ಕೈಬಿಟ್ಟಿದ್ದ ಮಂಜೇಶ್ವರದ ಗೋವಿಂದ ಪೈಗಳು. ಆ ಸಮ್ಮೇಳನದ ಕವಿಗೋಷ್ಠಿಯಲ್ಲೇ ವಿ. ಕೃ. ಗೋಕಾಕರು ನವ್ಯಕಾವ್ಯದ ಘೋಷಣೆ ಮಾಡಿದರು. ಕನ್ನಡ ಕಾವ್ಯ ಮಗ್ಗುಲು ಬದಲಿಸಿದ್ದನ್ನು ಹೊರನಾಡಿನ ಕವಿಗೋಷ್ಠಿಯೊಂದು ಸಾರಿತೆಂಬುದು ನಮಗೆ ಹೆಮ್ಮೆಯ ವಿಷಯ.

ಈ ನಗರದ ಕನ್ನಡ ಕವಿಗಳು ಬಹುಮಟ್ಟಿಗೆ ದುಡಿಮೆಯ ನಡುವೆಯೇ ಬರೆದವರು. ಚುಟುಕಗಳ ದಿನಕರ ದೇಸಾಯಿಯವರು ಹಡಗು ಕಾರ್ಮಿಕರ ಸಂಘಟನೆಯಲ್ಲಿ ದುಡಿದರು, ಬಿ. ಎ. ಸನದಿಯವರು ಬೆಸ್ಟ್ ಸಂಸ್ಥೆಯಲ್ಲಿದ್ದರು. ಜಯಂತ ಕಾಯ್ಕಿಣಿಯವರು ಔಷಧ ಕಾರ್ಖಾನೆಯಲ್ಲಿ ಕೆಲಸ ಮಾಡಿದರು. ದೇಸಾಯರ ಚುಟುಕಕ್ಕೆ ನಾಲ್ಕೇ ಸಾಲು. ಒಮ್ಮೆ ಕೇಳಿದವನು ಲೋಕಲ್ ಗಾಡಿಯಲ್ಲಿ ನಿಂತೇ ಬಾಯಿಪಾಠ ಮಾಡಿ ಮನೆಗೆ ಒಯ್ಯಬಹುದು.

ಆ ಗಾಡಿಯೇ ನಮ್ಮನ್ನು ಇಲ್ಲಿಗೆ ತಂದದ್ದು. ಬೋರಿಬಂದರಿನಿಂದ ಠಾಣೆಗೆ ೧೮೫೩ರ ಏಪ್ರಿಲ್ ೧೬ರಂದು ಓಡಿದ ಗಾಡಿ ಮರುವರ್ಷ ಕಲ್ಯಾಣ ಮುಟ್ಟಿತು. ಸಿಡ್ಕೋ ಸಂಸ್ಥೆ ೧೯೭೦ರಲ್ಲಿ ಹುಟ್ಟಿ ನವಿಮುಂಬಯಿ ಬೆಳೆಯಿತು. ೧೯೯೨ರಲ್ಲಿ ಲೋಕಲ್ ಗಾಡಿ ಖಾಡಿಯನ್ನು ದಾಟಿ ವಾಶಿಗೆ ಬಂತು. ಕೋಟೆ, ಮಾಟುಂಗಾಗಳಲ್ಲಿ ಮನೆ ಎಟುಕದ ಕನ್ನಡ ಸಂಸಾರಗಳು ಈ ಹಳಿಗಳ ಗುಂಟ ಚದುರಿದವು. ಹೀಗೆ ಚದುರಿದವರನ್ನು ಮತ್ತೆ ಒಂದೆಡೆ ಕೂಡಿಸುವ ನೆವಗಳಲ್ಲಿ ಕವಿತೆಯೂ ಒಂದಾಯಿತು. ಕುಂದಾಪುರದ ಉಚ್ಚಾರ, ವಿಜಯಪುರದ ಗತ್ತು, ಕಾರವಾರದ ರಾಗ ಒಂದೇ ಧ್ವನಿವರ್ಧಕದಲ್ಲಿ ಕೇಳಿಬರುವುದು ಊರಿನಲ್ಲಿಯೂ ಅಪರೂಪವೇ.

ಈಗ ಮುಖ್ಯ ಮಾತಿಗೆ ಬರುತ್ತೇನೆ. ಇಲ್ಲಿ ಹುಟ್ಟಿ ಬೆಳೆದ ಎಷ್ಟೋ ಮಕ್ಕಳು ಮನೆಯಲ್ಲಿ ಅಜ್ಜಿಯೊಡನೆ ಸೊಗಸಾಗಿ ಕನ್ನಡ ಆಡುತ್ತಾರೆ, ಆದರೆ ಕನ್ನಡ ಅಕ್ಷರ ಅರಿಯರು. ಅವರು ತಮ್ಮ ಕನ್ನಡ ಕವಿತೆಯನ್ನು ದೇವನಾಗರಿಯಲ್ಲೋ ಇಂಗ್ಲಿಷ್ ಅಕ್ಷರಗಳಲ್ಲೋ ಮೊಬೈಲಿನಲ್ಲಿ ಬರೆದು ತರುತ್ತಾರೆ. “ಲಿಪಿ ಬಾರದವರಿಗೆ ವೇದಿಕೆ ಯಾಕೆ?” ಎಂಬ ಪ್ರಶ್ನೆ ಏಳುತ್ತದೆ. ಪ್ರಶ್ನೆಯ ಹಿಂದಿನ ಕಳವಳ ನಿಜವಾದದ್ದೇ. ಲಿಪಿ ಹೋದರೆ ಪಂಪ, ಕುಮಾರವ್ಯಾಸರ ಬಾಗಿಲು ಮುಚ್ಚುತ್ತದೆ. ಆದರೆ ಮಗುವನ್ನು ವೇದಿಕೆಯಿಂದ ಇಳಿಸಿದರೆ ಆ ಬಾಗಿಲು ತೆರೆಯುವುದಿಲ್ಲ. ಮಗು ಸಂಘದ ಹೊಸ್ತಿಲನ್ನೇ ಮರೆಯುತ್ತದೆ. ಸಾವಿರ ವರ್ಷಕ್ಕೂ ಹಿಂದೆ ನಮ್ಮ ಗ್ರಂಥವೇ ಮೆಚ್ಚಿ ಕರೆದವರನ್ನು ನಾವು ಹೊರಗೆ ನಿಲ್ಲಿಸುವುದು ತರವೇ?

ಆದ್ದರಿಂದ ಸಂಘಗಳ ಬಂಧುಗಳಲ್ಲಿ ಒಂದು ಸೂಚನೆ. ಲಿಪಿ ಬಾರದ ಮಗು ಓದಿದ ಕವಿತೆಯನ್ನು ಹಿರಿಯರೊಬ್ಬರು ಅಂದೇ ದೊಡ್ಡ ಕನ್ನಡ ಅಕ್ಷರಗಳಲ್ಲಿ ಬರೆದು ಅದರ ಕೈಗಿಡಲಿ. ತನ್ನದೇ ಮಾತು ಕನ್ನಡದಲ್ಲಿ ಹೇಗೆ ಕಾಣುತ್ತದೆಂದು ನೋಡುವ ಕುತೂಹಲ ಯಾವ ಮಗುವಿಗೆ ಇಲ್ಲ? ಮುಂದಿನ ತಿಂಗಳು ಆ ಕಾಗದವನ್ನೇ ನೋಡಿ ಓದಲು ಹೇಳೋಣ. ಅಕ್ಷರಾಭ್ಯಾಸಕ್ಕೆ ಇದಕ್ಕಿಂತ ಒಳ್ಳೆಯ ಮುಹೂರ್ತ ಬೇರೆ ಬೇಕಿಲ್ಲ.