ಕುರ್ಕುಮ್‌ನಿಂದ ಕಾಂಡಕೋಶದವರೆಗೆ

ನನ್ನ ಖಾಲಾ ಒಬ್ಬರು ಸ್ತನ ಕ್ಯಾನ್ಸರಿಗೆ ಮೊದಲ ಕಿಮೋ ಮುಗಿಸಿ ಮನೆಗೆ ಬಂದವರು ಮತ್ತೆ ಆಸ್ಪತ್ರೆಗೆ ಹೋಗಲು ಒಪ್ಪಲಿಲ್ಲ. ಅವರ ದಿಂಬಿನಡಿ ಯಾರೋ ಕೊಟ್ಟ ಕರಪತ್ರವಿತ್ತು. ಅರಿಶಿನ ಕ್ಯಾನ್ಸರಿನ ಬೇರನ್ನೇ ಕೀಳುತ್ತದೆ, ವಿಜ್ಞಾನಿಗಳೇ ಹೇಳಿದ್ದಾರೆ ಎಂದು ಅದರಲ್ಲಿ ಅಚ್ಚಾಗಿತ್ತು. ವಿಜ್ಞಾನಿಗಳು ನಿಜಕ್ಕೂ ಏನು ಹೇಳಿದ್ದಾರೆಂದು ನಾನು ಹುಡುಕತೊಡಗಿದ್ದು ಆಗ.

'ಕುರ್ಕುಮ್' ಅರಬಿ ಶಬ್ದ. ಕೇಸರಿಗೆ ಹೇಳುತ್ತಿದ್ದ ಈ ಹೆಸರು ಬಣ್ಣದ ಹೋಲಿಕೆಯಿಂದ ಅರಿಶಿನಕ್ಕೂ ಅಂಟಿಕೊಂಡಿತು, ಲ್ಯಾಟಿನ್‌ನಲ್ಲಿ 'ಕರ್ಕ್ಯುಮಾ' ಆಯಿತು. 1815ರಲ್ಲಿ ವೋಗೆಲ್ ಮತ್ತು ಪೆಲ್ಟಿಯೇ ಅರಿಶಿನದ ಹಳದಿ ವಸ್ತುವನ್ನು ಬೇರ್ಪಡಿಸಿದರು. ಅದೇ ಕರ್ಕ್ಯುಮಿನ್. (1820ರಲ್ಲಿ ಕ್ವಿನೈನ್ ಬೇರ್ಪಡಿಸಿದವರಲ್ಲೂ ಈ ಪೆಲ್ಟಿಯೇ ಇದ್ದ.) ಅರಿಶಿನಕ್ಕೆ ಕ್ಯಾನ್ಸರ್ ಕೋಶಗಳನ್ನು ತಡೆಯುವ ಶಕ್ತಿಯಿರಬಹುದೆಂದು ಇಲಿಗಳ ಮೇಲೆ ಪರೀಕ್ಷಿಸಿ 1985ರಲ್ಲಿ ಪ್ರಕಟಿಸಿದ್ದು ನೆರೆಯ ಕೇರಳದ ತ್ರಿಶೂರಿನ ಅಮಲಾ ಕ್ಯಾನ್ಸರ್ ಸಂಶೋಧನಾ ಕೇಂದ್ರದವರು.

ಇನ್ನು ಆ 'ಬೇರು'. 1994ರಲ್ಲಿ ಟೊರಾಂಟೊದ ಜಾನ್ ಡಿಕ್ ತಂಡ ರಕ್ತದ ಕ್ಯಾನ್ಸರಿನಲ್ಲಿ, 2003ರಲ್ಲಿ ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದವರು ಸ್ತನ ಕ್ಯಾನ್ಸರಿನಲ್ಲಿ ಒಂದು ವಿಚಿತ್ರ ಕಂಡರು. ಗೆಡ್ಡೆಯ ಎಲ್ಲ ಕೋಶಗಳೂ ಸಮಾನವಲ್ಲ. ಕೆಲವು ಬಗೆಯವು ನೂರೇ ಇದ್ದರೂ ಇಲಿಯಲ್ಲಿ ಹೊಸ ಗೆಡ್ಡೆ ಬೆಳೆಸಿದವು. ಉಳಿದವು ಹತ್ತಾರು ಸಾವಿರವಿದ್ದರೂ ಬೆಳೆಸಲಿಲ್ಲ. ಇವೇ ಕ್ಯಾನ್ಸರ್ ಕಾಂಡಕೋಶಗಳು. ಬೇಗ ಬೇಗ ಒಡೆಯುವ ಕೋಶಗಳನ್ನು ಕೊಲ್ಲುವ ಕಿಮೋದಿಂದ ಇವು ತಪ್ಪಿಸಿಕೊಂಡು ರೋಗವನ್ನು ಮರಳಿ ತರುತ್ತವೆ ಎಂಬುದು ವಾದ. 2010ರಲ್ಲಿ ಅದೇ ಮಿಶಿಗನ್‌ನಲ್ಲಿ ಕರ್ಕ್ಯುಮಿನ್ ಮತ್ತು ಕರಿಮೆಣಸಿನ ಪೈಪರಿನ್ ಸ್ತನದ ಕಾಂಡಕೋಶಗಳ ತಮ್ಮನ್ನೇ ಮರುಸೃಷ್ಟಿಸುವ ಗುಣವನ್ನು ಕುಗ್ಗಿಸಿದವು. ಕರಪತ್ರದವನು ಓದಿದ್ದು ಇಂಥದ್ದನ್ನೇ ಇರಬೇಕು. ಆದರೆ ಅದು ನಡೆದದ್ದು ಪ್ರಯೋಗಾಲಯದ ತಟ್ಟೆಯಲ್ಲಿ.

ತಟ್ಟೆಗೂ ದೇಹಕ್ಕೂ ಎಷ್ಟು ದೂರವೆಂದು ತೋರಿಸಿದ್ದು ನಮ್ಮ ಬೆಂಗಳೂರೇ. 1998ರಲ್ಲಿ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನವರು ಆರೋಗ್ಯವಂತರಿಗೆ 2 ಗ್ರಾಂ ಕರ್ಕ್ಯುಮಿನ್ ಕೊಟ್ಟು ರಕ್ತ ನೋಡಿದರೆ, ಅದು ಕಂಡೇ ಇಲ್ಲ ಅಥವಾ ಅತ್ಯಲ್ಪ. 20 ಮಿಲಿಗ್ರಾಂ ಪೈಪರಿನ್ ಸೇರಿಸಿದಾಗ ಸುಮಾರು ಇಪ್ಪತ್ತು ಪಟ್ಟು ಏರಿತು, ಅದೂ ಮೊದಲ ಒಂದು ಗಂಟೆಯಷ್ಟೇ. ಇಲ್ಲವೆಂಬಷ್ಟರ ಇಪ್ಪತ್ತು ಪಟ್ಟು ಎಷ್ಟಾದೀತು? ಮಿಶಿಗನ್ನಿನ ತಟ್ಟೆಗೆ ಹಾಕಿದ್ದಕ್ಕಿಂತ ಅದು ಬಹಳ ಕಡಿಮೆ. ಅರಿಶಿನದ ಪುಡಿಯಲ್ಲಿ ಕರ್ಕ್ಯುಮಿನ್ ಇರುವುದು ನೂರಕ್ಕೆ ಮೂರರ ಆಸುಪಾಸು. 2 ಗ್ರಾಂ ಬೇಕೆಂದರೆ 60 ಗ್ರಾಂಗೂ ಮಿಕ್ಕಿ ಪುಡಿ ತಿನ್ನಬೇಕು!

ಗಾಯ ಮಾಯಿಸುವ ಅರಿಶಿನದ ಮೇಲೆ 1995ರಲ್ಲಿ ಅಮೆರಿಕ ಕೊಟ್ಟ ಪೇಟೆಂಟನ್ನು ಭಾರತ ಹೋರಾಡಿ 1997ರಲ್ಲಿ ರದ್ದು ಮಾಡಿಸಿತು. ಆ ಹೆಮ್ಮೆ ಸರಿಯೇ. ಆದರೆ ಗಾಯ ಬೇರೆ, ಗೆಡ್ಡೆ ಬೇರೆ. 2017ರಲ್ಲಿ ಪ್ರಕಟವಾದ ಅಮೆರಿಕದ ರಸಾಯನತಜ್ಞರ ವಿಮರ್ಶೆಯೊಂದು, ಮನುಷ್ಯರ ಮೇಲೆ ಕಟ್ಟುನಿಟ್ಟಾಗಿ ನಡೆದ ಪರೀಕ್ಷೆಗಳಲ್ಲಿ ಕರ್ಕ್ಯುಮಿನ್ ಯಾವ ರೋಗಕ್ಕೂ ಗೆದ್ದಿಲ್ಲವೆಂದಿತು.

ಖಾಲಾರಿಗೆ ಇದನ್ನೆಲ್ಲ ಉರ್ದುವಿನಲ್ಲಿ ಬಿಡಿಸಿ ಹೇಳಿದೆ. ಬಹಳ ಹೊತ್ತು ಸುಮ್ಮನಿದ್ದರು.

"ತಟ್ಟೆಯಲ್ಲಿ ಆದದ್ದು ಹೆಂಗಸಿನ ಮೈಯೊಳಗೆ ಆಗುತ್ತದೆಂದು ಯಾರೂ ನೋಡಿಲ್ಲವೇ ಬೇಟಾ?"

"ಇಲ್ಲ ಖಾಲಾ."

ಎರಡನೆಯ ಕಿಮೋಗೆ ಹೊರಟರು. ಸಾಲನ್‌ಗೆ ಅರಿಶಿನ ಹಾಕುವುದನ್ನಂತೂ ಬಿಡಲಿಲ್ಲ.