ದಿಯುವಿನ ಗಾಳಿ

ರಾಜಕೋಟಿನ ಮಗಳ ಮನೆಗೆ ಹೊರಟಾಗ ಆಯಿ ಒಂದೇ ಮಾತು ಹೇಳಿದ್ದಳು: "ತಂಗಿ, ಅಷ್ಟು ದೂರ ಹೋಗ್ತೀಯಲ್ಲ, ದಿಯುವಿಗೂ ಹೋಗಿ ಬಾ. ಅಲ್ಲಿಯ ನೀರು ಒಂದು ಸೀಸೆ ತಾ."

ಜುಲೈ ತಿಂಗಳು. ಊನಾದಿಂದ ಬಾಡಿಗೆ ಜೀಪು ಮಾಡಿಕೊಂಡೆವು. "ಈಗ ಯಾರೂ ಬರೋದಿಲ್ಲ" ಎಂದು ಚಾಲಕ ಮೊದಲೇ ಎಚ್ಚರಿಸಿದ. ಸೇತುವೆ ದಾಟಿ ದ್ವೀಪಕ್ಕೆ ಕಾಲಿಟ್ಟೊಡನೆ ಅವನ ಮಾತು ನಿಜವೆನಿಸಿತು. ಮೀನುಗಾರಿಕೆ ನಿಂತ ಕಾಲ. ದೋಣಿಗಳನ್ನೆಲ್ಲ ದಡಕ್ಕೆಳೆದಿದ್ದರು. ಹೋಟೆಲುಗಳ ಬಾಗಿಲು ಅರ್ಧ ಮುಚ್ಚಿತ್ತು. ಮಳೆ ಹೆಚ್ಚಿರಲಿಲ್ಲ, ಗಾಳಿಯೋ ಗಾಳಿ. ನನ್ನ ಕೊಡೆ ಮೊದಲ ತಿರುವಿನಲ್ಲೇ ಮಗುಚಿ ಕಡ್ಡಿ ಮುರಿಯಿತು. ನಮ್ಮ ಯಜಮಾನರು ಟೋಪಿಯನ್ನು ಕಿಸೆಗೆ ಸೇರಿಸಿದರು.

ಮೂವತ್ತು ವರ್ಷ ಇತಿಹಾಸ ಪಾಠ ಮಾಡಿದವಳು ನಾನು. ದಿಯು ಎಂದರೆ ನಮ್ಮ ತರಗತಿಯಲ್ಲಿ ಒಂದಂಕದ ಪ್ರಶ್ನೆ, ಅಷ್ಟೆ. ಆದರೆ ಕಾರವಾರದ ನಮಗೆ ಈ ಕಥೆ ಹೊರಗಿನದಲ್ಲ. ಬಿಣಗಾದ ಕಡೆಯಿಂದ ಕಾಣುವ ಅಂಜದೀವ ದ್ವೀಪದಲ್ಲಿ 1505ರಲ್ಲಿ ಕೋಟೆ ಕಟ್ಟಿಸಿದ ಫ್ರಾನ್ಸಿಸ್ಕೊ ದ ಅಲ್ಮೇಡನೇ ಇಲ್ಲಿಗೂ ಬಂದವನು. 1508ರಲ್ಲಿ ಚೌಲ್ ಕಾಳಗದಲ್ಲಿ ಅವನ ಮಗ ಲೊರೆನ್ಸೊ ಸತ್ತ. ಅಪ್ಪನ ಸಿಟ್ಟು ದಾಭೋಳ ಪಟ್ಟಣವನ್ನು ಸುಟ್ಟು, 1509ರ ಫೆಬ್ರುವರಿ 3ರಂದು ದಿಯುವಿನ ಎದುರು ಬಂದು ನಿಂತಿತು. ಈಜಿಪ್ಟಿನ ಮಾಮ್ಲುಕರು, ಗುಜರಾತಿನ ಸುಲ್ತಾನ, ಕಲ್ಲಿಕೋಟೆಯ ಸಾಮೂದಿರಿ ಕೂಡಿ ಕಳಿಸಿದ ಹಡಗುಗಳು ಒಂದೇ ದಿನದಲ್ಲಿ ಸೋತವು. ಗುಲಾಮನಾಗಿದ್ದು ಮೇಲೆ ಬಂದು ದಿಯುವಿನ ಅಧಿಕಾರಿಯಾಗಿದ್ದ ಮಲಿಕ್ ಅಯಾಜ್ ಮಾತ್ರ ಜಾಣ. ಊರನ್ನು ಬಿಟ್ಟುಕೊಡದೆ ಸಂಧಿ ಮಾಡಿಕೊಂಡ. ಪಠ್ಯಪುಸ್ತಕದಲ್ಲಿ ಅವನಿಗೊಂದು ಸಾಲಾದರೂ ಇರಬೇಕಿತ್ತು ಎಂದು ನನಗೆ ಯಾವಾಗಲೂ ಅನಿಸಿದೆ.

ಕೋಟೆಗೆ ಜಾಗ ಸಿಕ್ಕಿದ್ದು ಆಮೇಲೆ, 1535ರಲ್ಲಿ. ಹುಮಾಯೂನನ ದಾಳಿಗೆ ಹೆದರಿದ ಬಹಾದೂರ್ ಷಾ ಪೋರ್ಚುಗೀಸರ ನೆರವು ಬೇಡಿ ಅನುಮತಿ ಕೊಟ್ಟ. ಎರಡೇ ವರ್ಷಕ್ಕೆ, 1537ರ ಫೆಬ್ರುವರಿಯಲ್ಲಿ, ಅವರ ಹಡಗಿಗೆ ಭೇಟಿಗೆ ಹೋದವನು ಗಲಭೆಯಲ್ಲಿ ಇದೇ ನೀರಿನಲ್ಲಿ ಸತ್ತ. 1533ರಲ್ಲಿ ಅವನಿಗಾಗಿ ಎರಕ ಹೊಯ್ದ ದೊಡ್ಡ ತೋಪು ಇಂದು ಲಿಸ್ಬನ್ನಿನ ಸೇನಾ ಸಂಗ್ರಹಾಲಯದಲ್ಲಿದೆ.

ಕೋಟೆಗೆ ಮೂರು ಕಡೆ ಕಡಲು, ಇನ್ನೊಂದು ಕಡೆ ಬಂಡೆ ಕೊರೆದು ಮಾಡಿದ ಕಂದಕ. ಒಳಗೆ ನಾವಿಬ್ಬರೇ. ತುಕ್ಕು ಹಿಡಿದ ತೋಪುಗಳು, ದೀಪಸ್ತಂಭ, ಉಪ್ಪುಗಾಳಿಗೆ ಸವೆದ ಗೋಡೆ. ಅಳಿವೆಯ ಬಾಯಲ್ಲಿ ಕಲ್ಲಿನ ಹಡಗಿನಂತೆ ಪಾನಿಕೋಠಾ. 1546ರ ಮುತ್ತಿಗೆಯಲ್ಲಿ ಕೋಟೆ ಕುಸಿದಾಗ, ಅದನ್ನು ಕಟ್ಟಲು ದುಡ್ಡಿಲ್ಲದೆ ಗವರ್ನರ್ ಜೊವಾವ್ ದ ಕಾಸ್ತ್ರೊ ಗೋವೆಯ ಊರವರಿಗೆ ತನ್ನ ಗಡ್ಡದ ಕೂದಲನ್ನು ಒತ್ತೆ ಕಳಿಸಿ ಸಾಲ ಕೇಳಿದನಂತೆ. ಅವರು ಹಣವನ್ನೂ ಕೊಟ್ಟು ಕೂದಲನ್ನೂ ವಾಪಸು ಕಳಿಸಿದರು. ಇದನ್ನು ಹೇಳಿದಾಗ ಯಜಮಾನರು, "ನಮ್ಮ ಸೊಸೈಟಿಯವರು ಒಪ್ಪುವುದಿಲ್ಲ ಬಿಡು" ಎಂದು ಗಲ್ಲ ಸವರಿಕೊಂಡರು.

ಪೇಟೆಯ ಓಣಿಗಳಲ್ಲಿ ಎಷ್ಟೊಂದು ಚಂದದ ಮನೆಗಳಿಗೆ ಬೀಗ! ಇಲ್ಲಿಯ ವರ್ತಕರು ಹಿಂದೆ ಮೊಜಾಂಬಿಕ್ಕಿಗೆ ಬಟ್ಟೆ ಒಯ್ದು ದಂತ ತರುತ್ತಿದ್ದರು. ಈಚಿನವರು 2020ರವರೆಗೂ ಪೋರ್ಚುಗೀಸ್ ಪಾಸ್‌ಪೋರ್ಟು ಹಿಡಿದು ಇಂಗ್ಲೆಂಡಿಗೆ ಹೋಗುತ್ತಿದ್ದರು. 426 ವರ್ಷದ ಆಳ್ವಿಕೆ 1961ರ ಡಿಸೆಂಬರ್ 19ಕ್ಕೆ ಮುಗಿದರೂ ಅದರ ಕಾಗದಪತ್ರ ಇನ್ನೂ ಕೆಲಸ ಮಾಡುತ್ತಿದೆ.

ನಾನು ಬಂದದ್ದು ಇದಕ್ಕಲ್ಲ. ಸಂಜೆ ಖುಕ್ರಿ ಸ್ಮಾರಕಕ್ಕೆ ಹೋದೆವು. 1971ರ ಡಿಸೆಂಬರ್ 9ರ ರಾತ್ರಿ ಈ ದಂಡೆಯಾಚೆ ಪಾಕಿಸ್ತಾನದ ಜಲಾಂತರ್ಗಾಮಿ ಹ್ಯಾಂಗೋರ್ ನಮ್ಮ ಖುಕ್ರಿಯನ್ನು ಮುಳುಗಿಸಿತು. 18 ಅಧಿಕಾರಿಗಳು, 176 ನಾವಿಕರು ಹೋದರು. ಕ್ಯಾಪ್ಟನ್ ಮಹೇಂದ್ರನಾಥ ಮುಲ್ಲಾ ಹಡಗು ಬಿಡದೆ ಅದರೊಡನೆಯೇ ಮುಳುಗಿದರು. ಆ 176ರಲ್ಲಿ ಒಬ್ಬ ಆಯಿಯ ತಮ್ಮ. ನಾನಾಗ ಎರಡು ವರ್ಷದ ಕೂಸು. ಮಾವ ನನ್ನನ್ನು ಎತ್ತಿಕೊಂಡಿದ್ದನಂತೆ, ನನಗೆ ನೆನಪಿಲ್ಲ.

ಅಜ್ಜಿ ಅವನ ಶ್ರಾದ್ಧಕ್ಕೆ ಕೊನೆವರೆಗೂ ಒಪ್ಪಲಿಲ್ಲ. "ಮುಖ ನೋಡದೆ ಪಿಂಡ ಇಡೋದಿಲ್ಲ" ಎಂದವಳು ಆ ವಿಷಯ ಮತ್ತೆ ಎತ್ತಗೊಡಲಿಲ್ಲ. ಚಿಕ್ಕವಳಿದ್ದಾಗ ನನಗದು ಬರಿಯ ಹಟವೆನಿಸುತ್ತಿತ್ತು. ಮಗ ಸತ್ತನೆಂದು ಅಲ್ಮೇಡ ಊರೇ ಸುಟ್ಟ. ಅದನ್ನು ನಾನು ಪಾಠವಾಗಿ ಹೇಳಿಕೊಟ್ಟೆ, ಅಜ್ಜಿಯನ್ನು ಮಾತ್ರ ಹಟಮಾರಿ ಎಂದೆ.

ಸ್ಮಾರಕದ ಕೆಳಗೆ ಅಲೆಗಳು ಬಂಡೆಗೆ ಅಪ್ಪಳಿಸುತ್ತಿದ್ದವು. ಕಾವಲುಗಾರ ಇಳಿಯಗೊಡಲಿಲ್ಲ, ಅವನದು ತಪ್ಪಲ್ಲ. ಅಲ್ಲಿಂದ ಗಂಗೇಶ್ವರಕ್ಕೆ ಹೋದೆವು. ಬಂಡೆಗಳ ನಡುವೆ ಐದು ಲಿಂಗ. ಕಡಲೇ ಬಂದು ತೊಳೆದು ಹೋಗುತ್ತದೆ. ಯಜಮಾನರು ನನ್ನ ಸೆರಗು ಗಟ್ಟಿಯಾಗಿ ಹಿಡಿದುಕೊಂಡರು, ನಾನು ಬಗ್ಗಿ ಸೀಸೆ ತುಂಬಿದೆ. ಅರ್ಧ ನೀರು, ಅರ್ಧ ಮರಳು.

ಆಯಿ ಅದನ್ನು ದೇವರ ಮುಂದೆ ಇಡಲಿಲ್ಲ. ಮಾವನ ಪಟದ ಕೆಳಗಿನ ಕಪಾಟಿನಲ್ಲಿಟ್ಟು, "ಅಲ್ಲಿ ಯಾವಾಗಲೂ ಇಷ್ಟು ಗಾಳಿಯೇ?" ಎಂದು ಕೇಳಿದಳು.

"ಡಿಸೆಂಬರಿನಲ್ಲಿ ಇರಲಿಕ್ಕಿಲ್ಲ ಆಯಿ" ಎಂದೆ.